ಯೋಜನಾ ನಿರ್ವಹಣೆಯ ಎರಡು ಮೆಟ್ಟಿಲುಗಳು

ಒಂದು ವಿದ್ಯಾರ್ಥಿನಿಲಯವು ಕಟ್ಟಿ ಮುಗಿದ ಮೇಲೆ ಅದರ ಬಾಗಿಲಲ್ಲಿ ನಿಂತವರು ದಾನಿಗಳ ಹೆಸರನ್ನು ಶಿಲಾಫಲಕದಲ್ಲಿ ಓದುತ್ತಾರೆ. ನಕ್ಷೆಯನ್ನು ರಚಿಸಿದವರ ಕೌಶಲವನ್ನು ಮೆಚ್ಚುತ್ತಾರೆ. ಗಾರೆಯವರ, ಬಡಗಿಗಳ ಕೈಕೆಲಸವೂ ಕಣ್ಣಿಗೆ ಬೀಳುತ್ತದೆ. ಆದರೆ ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ನಿಂತು ಹಣ, ಕಾಲ, ಸಾಮಗ್ರಿ, ಜನ ಈ ನಾಲ್ಕನ್ನೂ ಒಂದೇ ನೊಗಕ್ಕೆ ಹೂಡಿ ನಡೆಸಿದವರ ದುಡಿಮೆ ಮಾತ್ರ ಕಾಣಿಸುವುದಿಲ್ಲ. ಅದು ಚೆನ್ನಾಗಿ ನಡೆದಾಗ ನಡೆದಿತ್ತೆಂಬುದೇ ತಿಳಿಯದು. ಕೆಟ್ಟಾಗ ಎಲ್ಲರ ಬಾಯಲ್ಲೂ ಅದೇ ಮಾತು. ಈ ದುಡಿಮೆಗೆ ಯೋಜನಾ ನಿರ್ವಹಣೆ ಎಂದು ಹೆಸರು.

ಗ್ರಾಮಾಂತರ ವಿದ್ಯಾಸಂಸ್ಥೆಗಳಿಂದ ಹೊರಬಿದ್ದು, ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಪದವಿಯನ್ನು ಪಡೆದ ಅನೇಕ ತರುಣ ತರುಣಿಯರು ಈ ವೃತ್ತಿಯನ್ನು ಅದರ ಕೆಳಗಿನ ಮೆಟ್ಟಿಲಿನಿಂದ ಪ್ರವೇಶಿಸುತ್ತಾರೆ. ಕೆಲವು ವರ್ಷಗಳಲ್ಲಿ ಅವರ ಮುಂದೆ ಎರಡನೆಯ ಮೆಟ್ಟಿಲು ಬರುತ್ತದೆ. ಈ ಎರಡರ ನಡುವಣ ಅಂತರವು ಸಂಬಳದ ಮತ್ತು ವಯಸ್ಸಿನ ಅಂತರವಷ್ಟೇ ಎಂಬ ಭಾವನೆ ಸಾಮಾನ್ಯವಾಗಿದೆ. ಕಿರಿಯನು ಹತ್ತು ಕೆಲಸ ಮಾಡಿದರೆ ಅವನ ಮೇಲಿನವನು ಇಪ್ಪತ್ತು ಮಾಡುವನೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಎರಡೂ ಬೇರೆ ಬೇರೆ ಜಾತಿಯ ಹೊಣೆಗಳು. ಕಿರಿಯನು ನಡೆದುದಕ್ಕೆ ಸಾಕ್ಷಿ. ಮಧ್ಯಮ ಹಂತದವನು ನಡೆಯಬೇಕಾದುದಕ್ಕೆ ಉತ್ತರವಾದಿ. ಈ ಭೇದವನ್ನು ಅರಿಯದೆ ಹುದ್ದೆಯನ್ನೇರಿದವರಿಂದ ಹಣವೂ ಕಾಲವೂ ನಷ್ಟವಾಗುವುದುಂಟು; ಕೆಲವೊಮ್ಮೆ ಜೀವಹಾನಿಗೂ ಅದು ದಾರಿಯಾಗಬಲ್ಲದು.

ಶಾಸ್ತ್ರದ ಹಿನ್ನೆಲೆ

ದೊಡ್ಡ ಕೆಲಸಗಳನ್ನು ಯೋಜಿಸಿ ನಡೆಸುವ ವಿದ್ಯೆ ನಾಡಿಗೆ ಹೊಸದಲ್ಲ. ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಲಸವು ೧೯೧೧ರಲ್ಲಿ ಪ್ರಾರಂಭವಾಗಿ ಸುಮಾರು ಎರಡು ದಶಕಗಳ ಕಾಲ ನಡೆಯಿತು. ಸಹಸ್ರಾರು ಜನರ ದುಡಿಮೆಯನ್ನು ಅಷ್ಟು ದೀರ್ಘಕಾಲ ಒಂದೇ ಗುರಿಯತ್ತ ನಡೆಸಿದುದು ಸಾಮಾನ್ಯ ಸಂಗತಿಯಲ್ಲ. ಅದೇ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ ಎಂಬವರು ಕೆಲಸಗಳನ್ನು ಕಾಲದ ಗೆರೆಯ ಮೇಲೆ ಪಟ್ಟಿಗಳಾಗಿ ಬರೆದು ತೋರಿಸುವ ಪಟವನ್ನು ಬಳಕೆಗೆ ತಂದರು. ಇಂದಿಗೂ ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ೧೯೫೭ರ ಸುಮಾರಿಗೆ ಡ್ಯೂಪಾಂಟ್ ಎಂಬ ರಾಸಾಯನಿಕ ಸಂಸ್ಥೆಯಲ್ಲಿ ನಿರ್ಣಾಯಕ ಪಥದ ಪದ್ಧತಿಯು ರೂಪುಗೊಂಡಿತು. ೧೯೫೮ರಲ್ಲಿ ಅಮೆರಿಕದ ನೌಕಾದಳವು ಪೊಲಾರಿಸ್ ಕ್ಷಿಪಣಿಯ ಯೋಜನೆಗಾಗಿ ಪರ್ಟ್ ಎಂಬ ಪದ್ಧತಿಯನ್ನು ರೂಪಿಸಿತು.

೧೯೬೯ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ಆ ಸಂಸ್ಥೆಯು ೧೯೮೪ರಲ್ಲಿ ಪಿ.ಎಂ.ಪಿ. ಎಂಬ ಪರೀಕ್ಷೆಯನ್ನೂ ೨೦೦೩ರಲ್ಲಿ ಸಿ.ಎ.ಪಿ.ಎಂ. ಎಂಬ ಮತ್ತೊಂದನ್ನೂ ಪ್ರಾರಂಭಿಸಿತು. ಇವೆರಡರ ಅರ್ಹತಾ ನಿಯಮಗಳಲ್ಲಿಯೇ ಮೆಟ್ಟಿಲುಗಳ ಭೇದವು ಸ್ಪಷ್ಟವಾಗಿದೆ. ಸಿ.ಎ.ಪಿ.ಎಂ. ಪರೀಕ್ಷೆಗೆ ಪ್ರೌಢಶಿಕ್ಷಣವೂ ೨೩ ಗಂಟೆಗಳ ಪಾಠವೂ ಸಾಕು. ಕೆಲಸದ ಅನುಭವವನ್ನು ಅದು ಕೇಳುವುದಿಲ್ಲ. ಪಿ.ಎಂ.ಪಿ. ಪರೀಕ್ಷೆಗೆ ಕೂರುವ ಪದವೀಧರನಾದರೋ ಯೋಜನೆಗಳನ್ನು ಮುನ್ನಡೆಸಿದ ೩೬ ತಿಂಗಳ ಅನುಭವವನ್ನು ತೋರಿಸಬೇಕು. ಯೋಜನೆಯಲ್ಲಿ ದುಡಿದಿರುವುದಷ್ಟೇ ಸಾಲದು, ಅದನ್ನು ಮುನ್ನಡೆಸಿರಬೇಕೆಂಬುದು ಗಮನಾರ್ಹ. ಓದಿನಿಂದ ಮೊದಲ ಮೆಟ್ಟಿಲನ್ನು ತಲುಪಬಹುದು. ಎರಡನೆಯದಕ್ಕೆ ಹೊಣೆಯನ್ನು ಹೊತ್ತು ನಡೆದಿರುವುದೇ ಅರ್ಹತೆ.

ಹೆಸರುಗಳು ಹಲವು, ಕ್ರಮ ಒಂದೇ

ಕರ್ನಾಟಕದ ಲೋಕೋಪಯೋಗಿ ಇಲಾಖೆಯಲ್ಲಿ ಈ ಕ್ರಮವು ಎಲ್ಲರಿಗೂ ಪರಿಚಿತವಾದುದು. ಡಿಪ್ಲೊಮಾ ಪಡೆದವರು ಕಿರಿಯ ಇಂಜಿನಿಯರರಾಗಿಯೂ ಪದವೀಧರರು ಸಹಾಯಕ ಇಂಜಿನಿಯರರಾಗಿಯೂ ಸೇರುತ್ತಾರೆ. ಅವರ ಮೇಲೆ ಉಪವಿಭಾಗವನ್ನು ನೋಡಿಕೊಳ್ಳುವ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರು, ಅವರ ಮೇಲೆ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರರು ಇರುತ್ತಾರೆ. ಖಾಸಗಿ ಕಟ್ಟಡ ಸಂಸ್ಥೆಗಳಲ್ಲಿ ಸೈಟ್ ಇಂಜಿನಿಯರ್, ಯೋಜನಾ ವ್ಯವಸ್ಥಾಪಕ ಎಂಬ ಹೆಸರುಗಳಿವೆ. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಸಂಯೋಜಕ, ವ್ಯವಸ್ಥಾಪಕ ಎನ್ನುವುದುಂಟು. ಹೆಸರು ಏನೇ ಇರಲಿ, ಕೆಳಗಿನವನ ಕೈಯಲ್ಲಿ ದಾಖಲೆ, ಮೇಲಿನವನ ಕೈಯಲ್ಲಿ ನಿರ್ಧಾರ ಎಂಬ ವಿಭಜನೆ ಎಲ್ಲೆಡೆ ಕಾಣುತ್ತದೆ.

ಇಲಾಖೆಯ ಅಳತೆ ಪುಸ್ತಕವು ಈ ವಿಭಜನೆಗೆ ಒಳ್ಳೆಯ ನಿದರ್ಶನ. ಅದರ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತದೆ. ಅದರಲ್ಲಿ ಅಳಿಸಿ ಬರೆಯುವಂತಿಲ್ಲ. ತಪ್ಪಾದರೆ ಹೊಡೆದು ಹಾಕಿ, ಸರಿಯಾದುದನ್ನು ಬರೆದು, ಸಹಿ ಮಾಡಬೇಕು. ಕಿರಿಯನು ಸ್ಥಳಕ್ಕೆ ಹೋಗಿ ಉದ್ದ, ಅಗಲ, ಎತ್ತರಗಳನ್ನು ಅಳೆದು ಬರೆಯುತ್ತಾನೆ. ಉಪವಿಭಾಗದ ಅಧಿಕಾರಿಯು ಆ ಅಳತೆಗಳಲ್ಲಿ ಗೊತ್ತಾದ ಪಾಲನ್ನು ಸ್ವತಃ ಅಳೆದು ತಾಳೆ ನೋಡುತ್ತಾನೆ. ಅನಂತರವೇ ಬಿಲ್ಲು ವಿಭಾಗಕ್ಕೆ ಹೋಗಿ ಹಣ ಪಾವತಿಯಾಗುತ್ತದೆ. ಅಳೆದವನ ಬರವಣಿಗೆ ಸುಳ್ಳಾದರೆ ಮೇಲಿನ ಸಹಿಗಳೆಲ್ಲವೂ ಸುಳ್ಳಿನ ಮೇಲೆ ನಿಂತಂತಾಗುತ್ತದೆ. ಇಡೀ ಸೌಧಕ್ಕೆ ತಳಪಾಯವಾಗಿರುವುದು ಕಿರಿಯನ ಪ್ರಾಮಾಣಿಕತೆಯೇ.

ಕಿರಿಯನ ಕೆಲಸ

ಆದುದರಿಂದ ಕಿರಿಯ ಹುದ್ದೆಯನ್ನು ಹಗುರವೆಂದು ಎಣಿಸುವುದು ಸಲ್ಲದು. ವಿದ್ಯಾರ್ಥಿನಿಲಯದ ತಾರಸಿಗೆ ಕಾಂಕ್ರೀಟು ಹಾಕುವ ಒಂದು ದಿನವನ್ನೇ ತೆಗೆದುಕೊಳ್ಳಬಹುದು. ಕಂಬಿಗಳ ಅಂತರವು ನಕ್ಷೆಯಂತಿದೆಯೇ, ಸೆಂಟ್ರಿಂಗಿನ ಆಸರೆಗಳು ಗಟ್ಟಿ ನೆಲದ ಮೇಲೆ ನಿಂತಿವೆಯೇ, ನೀರು ಹೆಚ್ಚಾಗಿ ಬೆರೆಯುತ್ತಿಲ್ಲವೇ ಎಂದು ನೋಡುವವನು ಅವನೇ. ಭಾರತೀಯ ಮಾನಕ ೪೫೬ರ ಪ್ರಕಾರ ಒಂದು ದಿನದ ಕಾಂಕ್ರೀಟು ೫ ಘನಮೀಟರಿನವರೆಗಿದ್ದರೆ ಒಂದು ಮಾದರಿ, ೬ರಿಂದ ೧೫ ಘನಮೀಟರಿಗೆ ಎರಡು, ೧೬ರಿಂದ ೩೦ಕ್ಕೆ ಮೂರು ಮಾದರಿಗಳನ್ನು ತೆಗೆಯಬೇಕು. ಪ್ರತಿ ಮಾದರಿಗೂ ಮೂರು ಘನಗಳನ್ನು ಎರಕ ಹೊಯ್ದು ೨೮ ದಿನಗಳ ನಂತರ ಅವುಗಳ ಬಲವನ್ನು ಪರೀಕ್ಷಿಸಬೇಕು. ಸಾಮಾನ್ಯ ಸಿಮೆಂಟಾದರೆ ಕನಿಷ್ಠ ೭ ದಿನ, ಮಿಶ್ರ ಸಿಮೆಂಟಾದರೆ ಕನಿಷ್ಠ ೧೦ ದಿನ ನೀರುಣಿಸಿ ಹದ ಮಾಡಬೇಕು. ಇವೆಲ್ಲವನ್ನೂ ದಿನಚರಿಯಲ್ಲಿ ಆಯಾ ದಿನವೇ ಬರೆದಿಡಬೇಕು.

ಇಲ್ಲಿ ಬುದ್ಧಿಯ ಚಮತ್ಕಾರಕ್ಕಿಂತ ಕಣ್ಣಿನ ನಿಷ್ಠೆ ಮುಖ್ಯ. ಬೆಳಗಿನ ಹಾಜರಿ, ಬಂದ ಸಿಮೆಂಟು ಚೀಲಗಳ ಲೆಕ್ಕ, ಸಭೆಯಲ್ಲಿ ಯಾರು ಏನನ್ನು ಒಪ್ಪಿಕೊಂಡರೆಂಬ ಟಿಪ್ಪಣಿ, ಎಲ್ಲವೂ ಸಣ್ಣವೆಂದೇ ತೋರುತ್ತವೆ. ಮೂರು ತಿಂಗಳ ಮೇಲೆ ಗುತ್ತಿಗೆದಾರನಿಗೂ ಆಡಳಿತಮಂಡಳಿಗೂ ವಿವಾದ ಬಂದಾಗ ಆ ಸಣ್ಣ ಟಿಪ್ಪಣಿಯೇ ನ್ಯಾಯವನ್ನು ಹೇಳುತ್ತದೆ. ತಂತ್ರಾಂಶದ ಕೆಲಸದಲ್ಲೂ ಇದೇ ಮಾತು ಸಲ್ಲುತ್ತದೆ. ಯಾವ ಭಾಗ ಮುಗಿಯಿತು, ಯಾವುದು ಪರೀಕ್ಷೆಯಲ್ಲಿ ಸೋತಿತು, ಗಿರಾಕಿಯು ಎಂದು ಬೇಡಿಕೆಯನ್ನು ಬದಲಿಸಿದನು ಎಂಬುದನ್ನು ನಿತ್ಯವೂ ದಾಖಲಿಸುವವನು ಕಿರಿಯ ಸಂಯೋಜಕ.

ಮಧ್ಯಮ ಹಂತದವನ ಕೆಲಸ

ಎರಡನೆಯ ಮೆಟ್ಟಿಲಿನಲ್ಲಿ ನಿಂತವನು ಅದೇ ಸಂಗತಿಗಳನ್ನು ಬೇರೆ ದೃಷ್ಟಿಯಿಂದ ನೋಡಬೇಕು. ಆ ವಿದ್ಯಾರ್ಥಿನಿಲಯದ ತಾರಸಿಗೆ ಸೆಂಟ್ರಿಂಗಿಗೆ ೮ ದಿನ, ಕಂಬಿ ಕಟ್ಟಲು ೬, ಕಾಂಕ್ರೀಟಿಗೆ ೧, ಆಸರೆಗಳನ್ನು ತೆಗೆಯುವ ಮುನ್ನ ೧೪, ಗಿಲಾವಿಗೆ ೧೨ ದಿನ ಬೇಕೆಂದು ಇಟ್ಟುಕೊಂಡರೆ ಒಟ್ಟು ೪೧ ದಿನಗಳಾಗುತ್ತವೆ. ಅದೇ ವೇಳೆಗೆ ಬೇರೆಡೆ ಕಿಟಕಿ ಬಾಗಿಲುಗಳನ್ನು ಮಾಡಿಸಲು ೩೦ ದಿನ, ಸಾಗಿಸಲು ೨ ದಿನ, ಒಟ್ಟು ೩೨ ದಿನ ಬೇಕು. ಗಿಲಾವು ಮುಗಿದ ಮೇಲೆಯೇ ಅವುಗಳನ್ನು ಕೂರಿಸಬೇಕಾದುದರಿಂದ ಬಾಗಿಲುಗಳಿಗೆ ೯ ದಿನಗಳ ಬಿಡುವು ಉಂಟು. ತಾರಸಿಯ ಸಾಲಿಗೆ ಬಿಡುವೇ ಇಲ್ಲ. ಅದೇ ನಿರ್ಣಾಯಕ ಪಥ.

ಬಾಗಿಲುಗಳು ೬ ದಿನ ತಡವಾದರೆ ಯೋಜನೆಗೆ ಏನೂ ಆಗದು. ಕಂಬಿ ೨ ದಿನ ತಡವಾದರೆ ಇಡೀ ಕಟ್ಟಡವೇ ೨ ದಿನ ತಡವಾಗುತ್ತದೆ. ಬಾಗಿಲುಗಳೇ ೧೨ ದಿನ ತಡವಾದರೆ ಆ ಸಾಲು ೪೪ ದಿನಗಳಾಗಿ, ನಿರ್ಣಾಯಕ ಪಥವು ತಾರಸಿಯಿಂದ ಬಾಗಿಲಿಗೆ ಜರುಗುತ್ತದೆ; ಆಗ ೩ ದಿನ ನಷ್ಟ. ಬಡಗಿ ಬರಲಿಲ್ಲ, ಕಂಬಿ ಬರಲಿಲ್ಲ ಎಂಬ ಎರಡು ವರದಿಗಳು ಒಂದೇ ಬೆಳಗ್ಗೆ ಬಂದರೆ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬೇಕು ಎಂದು ತಿಳಿಯುವ ವಿವೇಕವು ಇಲ್ಲಿಂದ ಬರುತ್ತದೆ. ಕಿರಿಯನಿಗೆ ಎರಡೂ ತಡಗಳು ಸಮಾನ. ಎರಡನ್ನೂ ಅವನು ಬರೆಯಬೇಕು. ಮೇಲಿನವನಿಗೆ ಅವು ಸಮಾನವಾಗಿರಕೂಡದು.

ಹಣದ ವಿಷಯದಲ್ಲೂ ಹೀಗೆಯೇ. ೫೦ ಲಕ್ಷ ರೂಪಾಯಿಗಳ ಕಟ್ಟಡದಲ್ಲಿ ಇಂದಿನವರೆಗೆ ೨೦ ಲಕ್ಷದ ಕೆಲಸ ಆಗಬೇಕಿತ್ತು. ಆಗಿರುವುದು ೧೬ ಲಕ್ಷದ ಕೆಲಸ. ಖರ್ಚಾಗಿರುವುದು ೨೨ ಲಕ್ಷ. ಈ ಮೂರು ಅಂಕಿಗಳನ್ನು ತಪ್ಪಿಲ್ಲದೆ ಒದಗಿಸುವುದು ಕಿರಿಯನ ಹೊಣೆ. ಅವುಗಳನ್ನು ಓದುವುದು ಮಧ್ಯಮ ಹಂತದವನ ಹೊಣೆ. ಐದರಲ್ಲಿ ನಾಲ್ಕು ಪಾಲಷ್ಟೇ ಕೆಲಸ ಸಾಗಿದೆ; ೧೬ ರೂಪಾಯಿಯ ಕೆಲಸಕ್ಕೆ ೨೨ ರೂಪಾಯಿ ಸಲ್ಲುತ್ತಿದೆ. ಇದೇ ದರದಲ್ಲಿ ನಡೆದರೆ ಕೊನೆಗೆ ೬೮ ಲಕ್ಷ ೭೫ ಸಾವಿರ ರೂಪಾಯಿಗಳು ಬೇಕಾಗುತ್ತವೆ. ಇದನ್ನು ಇಂದೇ ಆಡಳಿತಮಂಡಳಿಯ ಮುಂದಿಟ್ಟು, ಕೆಲಸವನ್ನು ಕಡಮೆ ಮಾಡಬೇಕೋ, ಹಣವನ್ನು ಕೂಡಿಸಬೇಕೋ, ಪೋಲನ್ನು ತಡೆಯಬೇಕೋ ಎಂದು ಕೇಳುವವನೇ ಯೋಜನಾ ವ್ಯವಸ್ಥಾಪಕ. ಹಣ ಮುಗಿದ ದಿನ ಈ ಸುದ್ದಿಯನ್ನು ತರುವವನು ಲೆಕ್ಕ ಬರೆದವನಾದಾನೇ ಹೊರತು ನಿರ್ವಹಣೆ ಮಾಡಿದವನಾಗಲಾರನು.

ಜನರೊಡನೆ ವ್ಯವಹರಿಸುವುದು ಮೂರನೆಯ ಭೇದ. ಐದು ಜನರ ನಡುವೆ ಇಬ್ಬಿಬ್ಬರ ಮಾತಿನ ದಾರಿಗಳು ೧೦. ಹನ್ನೆರಡು ಜನರ ನಡುವೆ ಅವು ೬೬. ಜನ ಹೆಚ್ಚಿದಂತೆ ತಪ್ಪು ತಿಳಿವಳಿಕೆಯೂ ಅದಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಐ.ಬಿ.ಎಂ. ಸಂಸ್ಥೆಯ ಬೃಹತ್ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಅವರು, ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂದು ೧೯೭೫ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಕಿರಿಯನು ಕೆಲವರೊಡನೆ ಒಂದೇ ಭಾಷೆಯಲ್ಲಿ ಮಾತನಾಡಿದರೆ ಸಾಕು. ಮಧ್ಯಮ ಹಂತದವನು ಮೇಸ್ತ್ರಿಯೊಡನೆ ಮೇಸ್ತ್ರಿಯ ಮಾತನ್ನೂ ಲೆಕ್ಕಿಗನೊಡನೆ ಲೆಕ್ಕದ ಮಾತನ್ನೂ ಆಡಳಿತದವರೊಡನೆ ಫಲಾಫಲದ ಮಾತನ್ನೂ ಆಡಬೇಕಾಗುತ್ತದೆ.

ಜಾತ್ರೆಯ ದಾಸೋಹವನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ಉಗ್ರಾಣದಲ್ಲಿ ಅಕ್ಕಿ ಬೇಳೆಗಳನ್ನು ಅಳೆದು ಕೊಡುವವರೊಬ್ಬರು. ಮಧ್ಯಾಹ್ನದ ಪಂಕ್ತಿಯನ್ನು ನೋಡಿ, ಸಂಜೆಗೆ ಇನ್ನೆಷ್ಟು ಒಲೆ ಹೂಡಬೇಕೆಂದು ನಿರ್ಧರಿಸುವವರು ಮತ್ತೊಬ್ಬರು. ಅಳೆದವರು ತಪ್ಪಿದರೆ ನಿರ್ಧರಿಸಿದವರು ಕುರುಡರಾಗುತ್ತಾರೆ. ನಿರ್ಧರಿಸುವವರು ತಾವೇ ಸೌಟು ಹಿಡಿದು ನಿಂತರೆ ಸಂಜೆಯ ಒಲೆಯನ್ನು ನೆನೆಯುವವರೇ ಇರುವುದಿಲ್ಲ.

ಎರಡು ಮೆಟ್ಟಿಲುಗಳ ನಡುವೆ

ಕೇಡು ಹುಟ್ಟುವುದು ಹೆಚ್ಚಾಗಿ ಈ ಎರಡರ ನಡುವಣ ಎಡೆಯಲ್ಲಿ. ಕಿರಿಯನ ದೋಷವು ಅಳುಕಿನಿಂದ ಬರುತ್ತದೆ. ಕೆಲಸ ಎಲ್ಲಿಗೆ ಬಂತೆಂದು ಕೇಳಿದಾಗ ನೂರಕ್ಕೆ ತೊಂಬತ್ತು ಮುಗಿದಿದೆ ಎನ್ನುತ್ತಾನೆ. ಮುಂದಿನ ವಾರವೂ ಅದೇ ತೊಂಬತ್ತು, ಅದರ ಮುಂದಿನ ವಾರವೂ ಅದೇ. ಹಿರಿಯನ ದೋಷವು ಅಸಹನೆಯಿಂದ ಬರುತ್ತದೆ. ಕೆಟ್ಟ ಸುದ್ದಿ ತಂದವನನ್ನು ಎಲ್ಲರೆದುರು ಗದರಿಸಿದರೆ ಮರುದಿನದಿಂದ ಅವನಿಗೆ ಒಳ್ಳೆಯ ಸುದ್ದಿ ಮಾತ್ರ ತಲುಪುತ್ತದೆ. ಸತ್ಯವು ಕೆಳಗೇ ಉಳಿಯುತ್ತದೆ. ಬಡ್ತಿ ಪಡೆದು ಕೆಳಗಿನ ಕೆಲಸವನ್ನು ಬಿಡಲಾರದವರದು ಮೂರನೆಯ ವರ್ಗ. ತಮ್ಮ ಹಳೆಯ ಕೆಲಸದಲ್ಲಿ ಅವರು ನಿಪುಣರು. ಆದುದರಿಂದಲೇ ಕಿರಿಯನ ಕೈಯಿಂದ ಟೇಪನ್ನು ಕಸಿದು ತಾವೇ ಅಳೆಯುತ್ತಾರೆ. ಕಿರಿಯನು ಕಲಿಯುವುದಿಲ್ಲ, ನಿರ್ಧಾರಗಳು ಮೇಜಿನ ಮೇಲೆ ಕಾಯುತ್ತವೆ.

ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಒಂದು ಕಲ್ಪಿತ ಸಂದರ್ಭವನ್ನು ನೋಡಬಹುದು. ಕಟ್ಟಡದ ಉದ್ಘಾಟನೆಯ ದಿನ ಗೊತ್ತಾಗಿದೆ, ಆಮಂತ್ರಣ ಪತ್ರಿಕೆ ಅಚ್ಚಾಗಿದೆ. ೫ ಮೀಟರು ಹರವಿನ ತಾರಸಿಗೆ ಕಾಂಕ್ರೀಟು ಹಾಕಿ ೯ ದಿನಗಳಾಗಿವೆ. ಕೆಳಗಿನ ಸಭಾಂಗಣಕ್ಕೆ ಬಣ್ಣ ಬಳಿಯಬೇಕಾದ ಕಾರಣ ಆಸರೆಗಳನ್ನು ತೆಗೆಯಬೇಕೆಂದು ಒತ್ತಾಯ ಬರುತ್ತದೆ. ಹರವು ೪.೫ ಮೀಟರನ್ನು ಮೀರಿದ ತಾರಸಿಯ ಆಸರೆಗಳನ್ನು ಸಾಮಾನ್ಯವಾಗಿ ೧೪ ದಿನ ತೆಗೆಯಕೂಡದೆಂಬುದು ಮಾನಕದ ನಿಯಮ. ದಿನಚರಿಯನ್ನು ತೆರೆದು, ಆಗಿರುವುದು ೯ ದಿನ ಮಾತ್ರ ಎಂದು ತೋರಿಸುವುದು ಕಿರಿಯನ ಧರ್ಮ. ಆ ದಿನಚರಿಯನ್ನು ಕೈಯಲ್ಲಿ ಹಿಡಿದು, ಸಮಾರಂಭವನ್ನು ಮುಂದೂಡಬೇಕು ಇಲ್ಲವೇ ಬೇರೆಡೆ ನಡೆಸಬೇಕು ಎಂದು ಗಣ್ಯರ ಮುಂದೆ ಹೇಳುವುದು ಮಧ್ಯಮ ಹಂತದವನ ಧರ್ಮ. ಮೊದಲನೆಯವನು ಸುಮ್ಮನಿದ್ದರೆ ಎರಡನೆಯವನಿಗೆ ಆಧಾರವಿಲ್ಲ. ಎರಡನೆಯವನು ಸುಮ್ಮನಿದ್ದರೆ ಮೊದಲನೆಯವನ ಸತ್ಯಕ್ಕೆ ಬಲವಿಲ್ಲ. ಆ ತಾರಸಿಯ ಕೆಳಗೆ ಕುಳಿತುಕೊಳ್ಳುವವರು ಮಕ್ಕಳು.

ಮೇಲೇರುವ ಬಗೆ

ಕಿರಿಯ ಹುದ್ದೆಯಿಂದ ಮೇಲೇರಲು ವರ್ಷಗಳನ್ನು ಎಣಿಸಿದರೆ ಸಾಲದು. ಹತ್ತು ವರ್ಷ ದುಡಿದೂ ಒಂದೇ ವರ್ಷವನ್ನು ಹತ್ತು ಬಾರಿ ಬಾಳಿದವರು ಉಂಟು. ಒಂದು ಕೆಲಸದ ಅಂದಾಜನ್ನು ತಾನೇ ಬರೆದು ಕೊನೆಯಲ್ಲಿ ವಾಸ್ತವದೊಡನೆ ಹೋಲಿಸಿ ನೋಡುವ ಅಭ್ಯಾಸವು ಮೊದಲ ಸಾಧನೆ. ಪರ್ಟ್ ಪದ್ಧತಿಯು ಇದಕ್ಕೆ ಸುಲಭವಾದ ಸೂತ್ರವನ್ನು ಕೊಡುತ್ತದೆ. ಎಲ್ಲವೂ ಕೂಡಿಬಂದರೆ ೧೦ ದಿನ, ಸಾಧಾರಣವಾಗಿ ೧೨, ಎಲ್ಲವೂ ಕೆಟ್ಟರೆ ೨೦ ದಿನ ಎಂದಿದ್ದರೆ, ನಡುವಣ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಬೇಕು. ಆಗ ೧೩ ದಿನ ಬರುತ್ತದೆ. ಆಸೆಯನ್ನೂ ಭಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕ್ರಮವಿದು.

ಗುತ್ತಿಗೆಯ ಕರಾರನ್ನು ಆಮೂಲಾಗ್ರವಾಗಿ ಓದುವುದು ಎರಡನೆಯ ಸಾಧನೆ. ಮೂರನೆಯದು ಬರವಣಿಗೆ. ಆಗಿದ್ದೇನು, ಅದರಿಂದಾಗುವುದೇನು, ಈಗ ಮಾಡಬೇಕಾದುದೇನು ಎಂಬ ಮೂರನ್ನು ಒಂದು ಪುಟದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಬಲ್ಲವನು ಬೇಗ ಗಮನಕ್ಕೆ ಬರುತ್ತಾನೆ. ಮೊದಲ ವಾಕ್ಯವಷ್ಟೇ ಕಿರಿಯನದು. ಉಳಿದೆರಡನ್ನು ಸೇರಿಸಲು ತೊಡಗಿದ ದಿನವೇ ಅವನು ಮೇಲಿನ ಮೆಟ್ಟಿಲಿಗೆ ಕಾಲಿಟ್ಟಂತೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಅವರು ತನಗಿಂತ ನಿಧಾನವಾಗಿ ಮಾಡುವುದನ್ನು ತಾಳ್ಮೆಯಿಂದ ನೋಡುವುದು ನಾಲ್ಕನೆಯ ಸಾಧನೆ. ಎಲ್ಲಕ್ಕಿಂತ ಕಷ್ಟವಾದುದೂ ಅದೇ.

ಮೇಲೇರದೆ ಮೊದಲ ಮೆಟ್ಟಿಲಿನಲ್ಲಿಯೇ ಪರಿಣತಿ ಪಡೆದು ನಿಂತವರನ್ನು ಕೀಳಾಗಿ ಕಾಣುವುದೂ ತಪ್ಪು. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು ಸಾರಿದ ಶರಣ ಪರಂಪರೆಯ ನೆರಳಿನಲ್ಲಿ ನಡೆಯುವ ಸಂಸ್ಥೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಳತೆಯಲ್ಲಿ ಎಂದೂ ಸುಳ್ಳು ಬರೆಯದ ಒಬ್ಬ ಕಿರಿಯ ಇಂಜಿನಿಯರನು, ಕೆಟ್ಟ ಸುದ್ದಿಗೆ ಕಿವಿಗೊಡದ ಹತ್ತು ಮಂದಿ ವ್ಯವಸ್ಥಾಪಕರಿಗಿಂತ ಹೆಚ್ಚು ಬೆಲೆಯುಳ್ಳವನು.

ಶಾಲೆಯ ಪಾತ್ರ

ಈ ವಿದ್ಯೆಯ ಬೀಜವನ್ನು ಪ್ರೌಢಶಾಲೆಯಲ್ಲಿಯೇ ಬಿತ್ತಬಹುದು. ವಾರ್ಷಿಕೋತ್ಸವದಲ್ಲಿ ಒಬ್ಬ ವಿದ್ಯಾರ್ಥಿಗೆ ಖರ್ಚಿನ ಲೆಕ್ಕವನ್ನು ಬರೆಯಲು ಹೇಳಿ, ಮತ್ತೊಬ್ಬನಿಗೆ ಹಣ ಸಾಲದಾದಾಗ ಯಾವುದನ್ನು ಬಿಡಬೇಕೆಂದು ನಿರ್ಧರಿಸಲು ಹೇಳಬಹುದು. ಮರುವರ್ಷ ಇಬ್ಬರನ್ನೂ ಅದಲುಬದಲು ಮಾಡಬಹುದು. ಲೆಕ್ಕದಲ್ಲಿ ಕೊರತೆ ಕಂಡುಬಂದಾಗ ಅದನ್ನು ತಾನಾಗಿಯೇ ಬಂದು ಹೇಳಿದ ಹುಡುಗನನ್ನು ಉಪಾಧ್ಯಾಯರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಿಂದ ಅವನು ಮುಂದೆ ಎಂಥ ವರದಿಯನ್ನು ಬರೆಯುವನೆಂಬುದು ನಿಶ್ಚಯವಾಗುತ್ತದೆ.

ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು, ತಮ್ಮ ಅಂದಾಜು ಎಲ್ಲಿ ತಪ್ಪಿತು, ಅದನ್ನು ಹೇಗೆ ಸರಿಪಡಿಸಿದರು ಎಂಬುದನ್ನು ತರುಣರಿಗೆ ತಿಳಿಸಿದರೆ ಅದು ಅನೇಕ ಪುಸ್ತಕಗಳಿಗೆ ಸಮ. ದಾನಿಗಳಿಂದಲೂ ಒಂದು ಉಪಕಾರವಾಗಬಹುದು. ತಾವು ಕೊಟ್ಟ ಹಣದಿಂದ ಏಳುತ್ತಿರುವ ಕಟ್ಟಡದ ಬಳಿ ಬಂದಾಗ ಎಂದು ಮುಗಿಯುವುದೆಂದು ಕೇಳುವ ಮೊದಲು, ದಿನಚರಿಯನ್ನು ತೋರಿಸಿರೆಂದು ಅವರು ಕೇಳಲಿ. ದಾನಿಯು ದಿನಚರಿಯನ್ನು ಕೇಳುವ ಕಡೆ ಕಿರಿಯನು ನಿರ್ಭಯವಾಗಿ ಬರೆಯುತ್ತಾನೆ, ಮೇಲಿನವನು ನಿರ್ಭಯವಾಗಿ ನಿರ್ಧರಿಸುತ್ತಾನೆ. ಕಟ್ಟಡವೂ ಬಹುಕಾಲ ನಿಲ್ಲುತ್ತದೆ.